ಮೊಬೈಲ್ ನಿರಪಾಯಕಾರಿಯೇ? ಮೊದಲು ಕೇಳಿ, ಹಣ ಯಾರದ್ದು?

ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆದಿಡುವಷ್ಟರಲ್ಲಿ ಗಲ್ಫ್‌ನಿಂದ ಮನೆಯವರ ಕರೆ ಬರುತ್ತದೆ. ಅರ್ಧ ಗಂಟೆ ಮಾತನಾಡುತ್ತೀರಿ. ಕಿವಿ ಬೆಚ್ಚಗಾಗುತ್ತದೆ. ಅಷ್ಟರಲ್ಲಿ ಮಗು ಓಡಿ ಬಂದು, "ನನಗೂ ಅಬ್ಬನ ಹತ್ತಿರ ಮಾತಾಡಬೇಕು" ಎಂದು ಫೋನ್ ಕಸಿದು ಕಿವಿಗೆ ಒತ್ತಿಕೊಳ್ಳುತ್ತದೆ. ಆಗ ನಿಮಗೆ ನೆರೆಮನೆಯಾಕೆಯ ಮಾತು ನೆನಪಾಗುತ್ತದೆ: "ಮೊಬೈಲ್‌ನಿಂದ ಮೆದುಳಿಗೆ ಗಡ್ಡೆ ಬರುತ್ತದಂತೆ." ಮರುದಿನ ಪತ್ರಿಕೆ ಬಿಡಿಸಿದರೆ, "ಮೊಬೈಲ್‌ನಿಂದ ಅಪಾಯವಿಲ್ಲ: ಸಂಶೋಧನೆ" ಎಂಬ ಸುದ್ದಿ. ಯಾವುದನ್ನು ನಂಬುವುದು?

ಈ ಗೊಂದಲ ನಿಮ್ಮೊಬ್ಬರದ್ದಲ್ಲ. ಮೂವತ್ತು ವರ್ಷಗಳಿಂದ ವಿಜ್ಞಾನಿಗಳ ನಡುವೆಯೂ ಇದೆ. ಅದಕ್ಕೆ ಒಂದು ಕಾರಣ ವಿಜ್ಞಾನ, ಇನ್ನೊಂದು ಕಾರಣ ಹಣ.

ಯಾವ ವಿಕಿರಣ?

ವಿಕಿರಣ ಎಂದ ಕೂಡಲೇ ನಮಗೆ ಎಕ್ಸ್‌ರೇ, ಅಣುಬಾಂಬ್ ನೆನಪಾಗುತ್ತದೆ. ಮೊಬೈಲ್‌ನದ್ದು ಆ ಬಗೆಯದ್ದಲ್ಲ. ಅದು ರೇಡಿಯೋ ತರಂಗ. ಎಕ್ಸ್‌ರೇಯಂತೆ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಹಾಕುವ ಶಕ್ತಿ ಅದಕ್ಕಿಲ್ಲ. ತೀವ್ರತೆ ಹೆಚ್ಚಾದರೆ ದೇಹದ ಅಂಗಾಂಶವನ್ನು ಬಿಸಿ ಮಾಡಬಲ್ಲದು. ಅಂದ ಹಾಗೆ, ಮಾತನಾಡುವಾಗ ಕಿವಿಗೆ ತಾಗುವ ಬಿಸಿ ಹೆಚ್ಚಾಗಿ ಬ್ಯಾಟರಿ ಮತ್ತು ಫೋನಿನ ಒಳಗಿನ ಬಿಡಿಭಾಗಗಳದ್ದು. ಬಿಸಿ ಮಾಡದಷ್ಟು ಕಡಿಮೆ ಪ್ರಮಾಣದ ತರಂಗವೂ ವರ್ಷಗಟ್ಟಲೆ ತಾಗಿದರೆ ಹಾನಿ ಮಾಡೀತೇ ಎಂಬುದೇ ವಿವಾದದ ಪ್ರಶ್ನೆ.

ಕಂಪೆನಿಯ ಒಂದು ಪತ್ರ

ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಹೆನ್ರಿ ಲಾಯ್ ಮತ್ತು ನರೇಂದ್ರ ಸಿಂಗ್ ಎಂಬ ವಿಜ್ಞಾನಿಗಳು ಇಲಿಗಳನ್ನು ಎರಡು ಗಂಟೆ ಕಾಲ ಇಂತಹ ತರಂಗಗಳಿಗೆ ಒಡ್ಡಿದರು. ಇಲಿಗಳ ಮೆದುಳಿನ ಜೀವಕೋಶಗಳಲ್ಲಿ ಡಿಎನ್‌ಎ ಎಳೆಗಳು ತುಂಡಾಗಿರುವುದು ಕಂಡಿತೆಂದು 1995ರಲ್ಲಿ ವರದಿ ಮಾಡಿದರು. ನಂತರ ಬೇರೆಯವರು ನಡೆಸಿದ ಕೆಲವು ಪ್ರಯೋಗಗಳಲ್ಲಿ ಈ ಫಲಿತಾಂಶ ಸಿಗಲಿಲ್ಲ. ವಿಜ್ಞಾನದಲ್ಲಿ ಇದು ಸಹಜ. ಸಹಜವಲ್ಲದ್ದು ಇನ್ನೊಂದಿತ್ತು. ಈ ಸಂಶೋಧನೆ ಅಚ್ಚಾಗುವ ಮೊದಲೇ, 1994ರ ಡಿಸೆಂಬರ್‌ನಲ್ಲಿ, ಮೊಟೊರೊಲಾ ಕಂಪೆನಿಯ ಒಳಗೆ ಒಂದು ಪತ್ರ ಸಿದ್ಧವಾಗಿತ್ತು. ಲಾಯ್-ಸಿಂಗ್ ವಿಷಯವನ್ನು ಎದುರಿಸಲು ಯುದ್ಧಕ್ಕೆ ಮಾಡುವಂತೆ ಸಾಕಷ್ಟು ತಾಲೀಮು ಮಾಡಿದ್ದೇವೆ ಎಂಬರ್ಥದ ಮಾತು ಅದರಲ್ಲಿತ್ತು. 1997ರಲ್ಲಿ ಆ ಪತ್ರ ಬಹಿರಂಗವಾಯಿತು.

ಯೋಚಿಸಿ, ಒಂದು ಅಧ್ಯಯನ ತಪ್ಪಾಗಿದ್ದರೆ ಇನ್ನೊಂದು ಪ್ರಯೋಗದಿಂದ ಅದನ್ನು ತಿದ್ದಬಹುದು. ಅದಕ್ಕೆ ಯುದ್ಧದ ತಾಲೀಮು ಏಕೆ?

ಹಣ ಕೊಟ್ಟವರು ಯಾರು?

ಸ್ವಿಟ್ಜರ್ಲೆಂಡ್‌ನ ಬರ್ನ್ ವಿಶ್ವವಿದ್ಯಾನಿಲಯದ ಸಂಶೋಧಕರು ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ಮೊಬೈಲ್ ತರಂಗ ಮತ್ತು ಆರೋಗ್ಯದ ಕುರಿತ 59 ಪ್ರಯೋಗಗಳನ್ನು ಒಟ್ಟುಗೂಡಿಸಿ, ಪ್ರತಿಯೊಂದಕ್ಕೂ ಹಣ ಎಲ್ಲಿಂದ ಬಂತು ಎಂದು ನೋಡಿದರು. 12 ಅಧ್ಯಯನಗಳಿಗೆ ಪೂರ್ತಿ ಹಣ ದೂರಸಂಪರ್ಕ ಉದ್ಯಮದ್ದು. 11ಕ್ಕೆ ಸರಕಾರಿ ಅಥವಾ ಧರ್ಮಾರ್ಥ ಸಂಸ್ಥೆಗಳದ್ದು. 14ಕ್ಕೆ ಎರಡೂ ಕಡೆಯದ್ದು. ಉಳಿದ 22ರಲ್ಲಿ ಹಣದ ಮೂಲವನ್ನು ಹೇಳಿಯೇ ಇರಲಿಲ್ಲ! ದೇಹದ ಮೇಲೆ ಪರಿಣಾಮ ಇದೆ ಎಂಬ ಫಲಿತಾಂಶ ತೀರಾ ಕಡಿಮೆ ಬಂದದ್ದು ಉದ್ಯಮದ ಹಣದಿಂದಲೇ ನಡೆದ ಅಧ್ಯಯನಗಳಲ್ಲಿ. ಇದು 2007ರಲ್ಲಿ ಪ್ರಕಟವಾಯಿತು.

ಹಾಗಾದರೆ ಆ ವಿಜ್ಞಾನಿಗಳೆಲ್ಲ ಸುಳ್ಳು ಬರೆದರೇ? ಹಾಗೆ ಹೇಳಲಾಗದು. ಸುಳ್ಳು ಬರೆಯದೆಯೂ ಹಣ ತನ್ನ ಕೆಲಸ ಮಾಡಬಲ್ಲದು. ಯಾವ ಪ್ರಶ್ನೆ ಕೇಳಬೇಕು, ಎಷ್ಟು ದಿನ ಪರೀಕ್ಷಿಸಬೇಕು, ಯಾವ ಫಲಿತಾಂಶಕ್ಕೆ ಪ್ರಚಾರ ಕೊಡಬೇಕು ಎಂಬಲ್ಲೇ ತಕ್ಕಡಿ ವಾಲಬಹುದು.

ಭಯವೆಷ್ಟು, ನಿಜವೆಷ್ಟು?

ಆದರೆ ಇಲ್ಲಿಗೇ ನಿಲ್ಲಿಸಿದರೆ ನಾವೂ ಅರ್ಧ ಸತ್ಯ ಹೇಳಿದಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಈ ತರಂಗಗಳನ್ನು "2ಬಿ" ಗುಂಪಿಗೆ ಸೇರಿಸಿತು. ಕ್ಯಾನ್ಸರ್‌ಕಾರಕ ಆಗಿರಲೂಬಹುದು, ಆದರೆ ಪುರಾವೆ ಸೀಮಿತ ಎಂಬುದು ಇದರರ್ಥ. ಲೋಳೆಸರದ ಇಡೀ ಎಲೆಯ ಸಾರವೂ ಇದೇ ಗುಂಪಿನಲ್ಲಿದೆ.

ಆ ಬಳಿಕ ಸಾರ್ವಜನಿಕ ಹಣದಿಂದ ದೊಡ್ಡ ಅಧ್ಯಯನಗಳು ನಡೆದವು. ಅಮೆರಿಕ ಸರಕಾರದ ಸಂಸ್ಥೆಯೊಂದು ಇಲಿಗಳ ಇಡೀ ದೇಹಕ್ಕೆ ದಿನಕ್ಕೆ ಸುಮಾರು 9 ಗಂಟೆಯಂತೆ ಎರಡು ವರ್ಷ ತೀವ್ರ ತರಂಗ ಹಾಯಿಸಿತು. ಗಂಡು ಇಲಿಗಳ ಹೃದಯದಲ್ಲಿ ಗಡ್ಡೆಗಳು ಕಂಡವೆಂದು 2018ರಲ್ಲಿ ಹೇಳಿತು. ಆದರೆ ತರಂಗ ತಾಗಿದ ಗಂಡು ಇಲಿಗಳು ತಾಗದವುಗಳಿಗಿಂತ ಹೆಚ್ಚು ಕಾಲ ಬದುಕಿದ್ದವು!

ಮನುಷ್ಯರ ವಿಷಯಕ್ಕೆ ಬಂದರೆ, ಬ್ರಿಟನ್‌ನಲ್ಲಿ ಸುಮಾರು 7.76 ಲಕ್ಷ ಮಹಿಳೆಯರ ಆರೋಗ್ಯವನ್ನು ಹಲವು ವರ್ಷ ಗಮನಿಸಲಾಯಿತು. ಮೊಬೈಲ್ ಬಳಸುವವರಲ್ಲಿ ಮೆದುಳಿನ ಗಡ್ಡೆ ಹೆಚ್ಚಾಗಿಲ್ಲವೆಂದು 2022ರಲ್ಲಿ ವರದಿಯಾಯಿತು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಸಮೀಕ್ಷೆಯೂ 63 ಅಧ್ಯಯನಗಳನ್ನು ತೂಗಿ ನೋಡಿ, ಮೊಬೈಲ್‌ಗೂ ಮೆದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ ಎಂದಿತು. ಆದ್ದರಿಂದ ಹೆದರಿ ನಿದ್ದೆಗೆಡುವ ಅಗತ್ಯವಿಲ್ಲ.

ಭಯದಲ್ಲೂ ವ್ಯಾಪಾರ

ಲಾಭದ ಆಸೆ ಒಂದೇ ಕಡೆ ಇರುವುದಿಲ್ಲ. ಫೋನಿನ ಬೆನ್ನಿಗೆ ಅಂಟಿಸಿದರೆ ವಿಕಿರಣ ಮಾಯವಾಗುತ್ತದೆಂದು ಸ್ಟಿಕ್ಕರ್ ಮತ್ತು ಚಿಪ್ ಮಾರುವವರಿದ್ದಾರೆ. ಇಂತಹ ಸುಳ್ಳು ಭರವಸೆ ಕೊಟ್ಟ ಎರಡು ಕಂಪೆನಿಗಳ ಮೇಲೆ ಅಮೆರಿಕದ ಸರಕಾರಿ ವ್ಯಾಪಾರ ಆಯೋಗ 2002ರಲ್ಲೇ ಮೊಕದ್ದಮೆ ಹೂಡಿತ್ತು. ಇವು ಸಂಪರ್ಕಕ್ಕೆ ಅಡ್ಡಿಯಾದರೆ ಫೋನ್ ಇನ್ನಷ್ಟು ಶಕ್ತಿ ಬಳಸಬೇಕಾಗುತ್ತದೆ. ದುಡ್ಡೂ ಹೋಯಿತು, ತರಂಗವೂ ಹೆಚ್ಚಿತು!

ನೀವು ಮಾಡಬಹುದಾದದ್ದು

ಖರ್ಚಿಲ್ಲದ ಮುಂಜಾಗ್ರತೆಗೆ ಅಡ್ಡಿಯೇನೂ ಇಲ್ಲ.

* ದೂರವೇ ದೊಡ್ಡ ರಕ್ಷಣೆ. ದೀರ್ಘ ಮಾತುಕತೆಗೆ ಸ್ಪೀಕರ್ ಅಥವಾ ಇಯರ್‌ಫೋನ್ ಬಳಸಿ.

* ಸಿಗ್ನಲ್ ಕಡಿಮೆ ಇರುವಲ್ಲಿ ಫೋನ್ ಹೆಚ್ಚು ಶಕ್ತಿ ಹೊಮ್ಮಿಸುತ್ತದೆ. ಅಂತಹ ಕಡೆ ಚುಟುಕಾಗಿ ಮಾತನಾಡಿ, ಅಥವಾ ಕಿಟಕಿಯ ಬಳಿಗೆ ಬನ್ನಿ.

* ದಿಂಬಿನಡಿ ಫೋನ್ ಇಟ್ಟು ಮಲಗಬೇಡಿ. ಚಾರ್ಜ್ ಆಗುತ್ತಿರುವಾಗಲಂತೂ ಬೇಡವೇ ಬೇಡ.

* ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಫೋನಿನ ತರಂಗ ದೇಹಕ್ಕೆ ಸೇರುವ ಪ್ರಮಾಣ, ಅಂದರೆ "ಎಸ್‌ಎಆರ್", ಕಿಲೋಗೆ 1.6 ವ್ಯಾಟ್ ಮೀರಬಾರದೆಂಬ ನಿಯಮವಿದೆ. *#07# ಒತ್ತಿದರೆ ಅನೇಕ ಫೋನ್‌ಗಳಲ್ಲಿ ಈ ಸಂಖ್ಯೆ ಕಾಣುತ್ತದೆ. ಹೊಸ ಫೋನ್ ಕೊಳ್ಳುವಾಗ ಕೇಳಿ ನೋಡಿ.

* ಮಕ್ಕಳ ಕೈಗೆ ಗಂಟೆಗಟ್ಟಲೆ ಫೋನ್ ಕೊಡಬೇಡಿ. ತರಂಗದ ಮಾತು ಬದಿಗಿರಲಿ, ಅವರ ನಿದ್ದೆ, ಕಣ್ಣು, ಆಟ, ಓದು ಎಲ್ಲಕ್ಕೂ ಅದು ಒಳ್ಳೆಯದು.

ಮುಂದೆ "ಸಂಶೋಧನೆ ಹೇಳುತ್ತದೆ" ಎಂಬ ಸುದ್ದಿ ಕಂಡಾಗ ಮೂರು ಪ್ರಶ್ನೆ ಕೇಳಿ. ಹಣ ಯಾರದ್ದು? ಪರೀಕ್ಷೆ ಇಲಿಯ ಮೇಲೋ ಮನುಷ್ಯರ ಮೇಲೋ? ಬೇರೆಯವರಿಗೂ ಅದೇ ಫಲಿತಾಂಶ ಸಿಕ್ಕಿತೇ? ಮಾರುಕಟ್ಟೆಯಲ್ಲಿ ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡದೆ ಹಣ ಕೊಡುವವರಲ್ಲ ನೀವು. ಸುದ್ದಿಯನ್ನೂ ಹಾಗೆಯೇ ನೋಡಿ ಕೊಳ್ಳಿ.

ಇನ್ನು ಇಂದು ರಾತ್ರಿ ಕರೆ ಬಂದಾಗ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿ. ಮಗುವೂ ಕೇಳಲಿ, ಅಜ್ಜಿಯೂ ಕೇಳಲಿ. ಕಿವಿಗೂ ವಿಶ್ರಾಂತಿ, ದೂರದಲ್ಲಿರುವವರಿಗೂ ಮನೆಮಂದಿಯೆಲ್ಲರ ದನಿ ಕೇಳಿದ ಸಂತೋಷ.