ಬೇಸಿಗೆಯ ಪಾನೀಯ ಹಿತ್ತಲಲ್ಲೇ ಇದೆ

ಮಾರ್ಚ್ ತಿಂಗಳು ಕಾಲಿಟ್ಟಿತೆಂದರೆ ವಿಜಯಪುರದಲ್ಲಿ ಬಾಯಾರಿಕೆಯ ಕಾಲ ಶುರು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಈ ದಿನಗಳಲ್ಲಿ ದವಾಖಾನೆಗೆ ಬಂದವರು ಏಳುವ ಮುಂಚೆ ಕೇಳುವ ಮಾತು ಒಂದೇ: “ಡಾಕ್ಟರ್ ಸಾಹೇಬ್ರ, ಬ್ಯಾಸಿಗಿಗೆ ಯಾವ ಶರ್ಬತ್ ಚಲೋ?” ಯಾವುದಾದರೂ ಬಾಟಲಿಯ ಹೆಸರು ಹೇಳುತ್ತೇನೆಂದು ಕಾಯುತ್ತಾರೆ. ನಾನು ತಿರುಗಿ ಕೇಳುತ್ತೇನೆ, ನಿಮ್ಮ ಹಿತ್ತಲಲ್ಲಿ ಏನೇನಿದೆ? ತಿಕೋಟಾ, ಬಬಲೇಶ್ವರ ಕಡೆಯವರಾದರೆ ಒಂದು ಲಿಂಬೆ ಗಿಡ, ಒಂದು ನುಗ್ಗೆ ಮರ, ಗೋಡೆಗೆ ಹಬ್ಬಿದ ಸೋರೆ ಬಳ್ಳಿ ಇದ್ದೇ ಇರುತ್ತವೆ. ಊರೊಳಗಿನ ಸಣ್ಣ ಮನೆಯವರ ಹತ್ತಿರವೂ ಡಬ್ಬಿಯಲ್ಲಿ ಪುದೀನ, ಕುಂಡದಲ್ಲಿ ಕಾಮಕಸ್ತೂರಿ ಇರುತ್ತದೆ. ಬೇಸಿಗೆ ಕಳೆಯಲು ಇಷ್ಟು ಸಾಕು.

ಮೊದಲು ಶರ್ಬತ್ತಿನ ಮಾತು ಮುಗಿಸೋಣ. ಯುನಾನಿಯಲ್ಲಿ ಶರ್ಬತ್ ಎಂದರೆ ಔಷಧ. ಹಣ್ಣಿನ ರಸವನ್ನೋ ಗಿಡಮೂಲಿಕೆಯ ಕಷಾಯವನ್ನೋ ಸಕ್ಕರೆ ಪಾಕದಲ್ಲಿ ಕುದಿಸಿ, ಕೆಡದಂತೆ ಕಾಪಿಡುವ ವಿಧಾನ ಅದು. ಅದಕ್ಕಾಗಿಯೇ ಅಷ್ಟು ಸಕ್ಕರೆ. ಹಕೀಮರು ಅದನ್ನು ಚಮಚದಲ್ಲಿ ಅಳೆದು, ಇಷ್ಟು ದಿನ ಎಂದು ಹೇಳಿ ಕೊಡುತ್ತಿದ್ದರು. ನಾವೀಗ ಜಗ್‌ಗಟ್ಟಲೆ ಕಲಸುತ್ತೇವೆ. ಗಟ್ಟಿ ಶರ್ಬತ್ತಿನ ಒಂದು ದೊಡ್ಡ ಚಮಚದಲ್ಲಿ 10 ಗ್ರಾಂಗೂ ಹೆಚ್ಚು ಸಕ್ಕರೆ ಇರುತ್ತದೆ. ಗ್ಲಾಸಿಗೆ ಎರಡು ಚಮಚದಂತೆ ಇಫ್ತಾರ್‌ನಿಂದ ಮಲಗುವವರೆಗೆ ಮೂರು ಗ್ಲಾಸ್ ಕುಡಿದರೆ 60 ಗ್ರಾಂ ದಾಟಿತು. ದೊಡ್ಡವರು ಇಡೀ ದಿನಕ್ಕೆ ಹೀಗೆ ಬೆರೆಸಿಕೊಳ್ಳುವ ಸಕ್ಕರೆ 50 ಗ್ರಾಂ ಮೀರಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಕ್ಕರೆ ಕಾಯಿಲೆಯ ದಾದಿಯೂ ಅದೇ ಜಗ್ಗಿನಿಂದ ಕುಡಿಯುತ್ತಾರೆ. “ತಂಪು ಅಲ್ಲವೇ, ಏನೂ ಆಗೋದಿಲ್ಲ” ಎನ್ನುತ್ತಾರೆ. ಹದಿನೈದು ದಿನದ ಮೇಲೆ ಕಾಲಿನ ಹುಣ್ಣು ಮಾಯುತ್ತಿಲ್ಲ ಎಂದು ನನ್ನ ಮುಂದೆ ಕುಳಿತಿರುತ್ತಾರೆ.

ಲಿಂಬೆಯಲ್ಲಿ ಈ ತಾಪತ್ರಯವಿಲ್ಲ. ಇಂಡಿ ಲಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿರುವ ಜಿಲ್ಲೆ ನಮ್ಮದು, ಲಿಂಬೆಗೆ ಬರವಿಲ್ಲ. ಒಂದು ಲೀಟರ್ ಗಡಿಗೆ ನೀರಿಗೆ ಎರಡು ಹಣ್ಣಿನ ರಸ, ಚಿಟಿಕೆ ಉಪ್ಪು, ಹುರಿದು ಕುಟ್ಟಿದ ಜೀರಿಗೆ ಅರ್ಧ ಚಮಚ, ಜಜ್ಜಿದ ಪುದೀನ ಹತ್ತಿಪ್ಪತ್ತು ಎಲೆ. ಸಕ್ಕರೆ ಬೇಡ. ಮಕ್ಕಳು ಮೊದಲ ಎರಡು ದಿನ ಮುಖ ಸಿಂಡರಿಸುತ್ತಾರೆ, ಮೂರನೆಯ ದಿನ ತಾವೇ ಕೇಳುತ್ತಾರೆ. ಬೀಜವನ್ನು ಕಹಿಯಾಗುವಂತೆ ಹಿಂಡಬೇಡಿ. ರಕ್ತದೊತ್ತಡದವರು ಉಪ್ಪನ್ನೂ ಬಿಡಿ. ಹುಳಿಗೆ ಕೆಮ್ಮು, ನೆಗಡಿ ಏಳುವವರು, ಅಂದರೆ ಬಲ್ಗಮಿ ಮಿಜಾಜಿನವರು, ಒಂದು ತುಂಡು ಶುಂಠಿ ಜಜ್ಜಿ ಹಾಕಿಕೊಳ್ಳಲಿ. ಹೊಟ್ಟೆಯಲ್ಲಿ ಹುಣ್ಣಿರುವವರಿಗೆ ಲಿಂಬೆಗಿಂತ ತೆಳು ಮಜ್ಜಿಗೆ ವಾಸಿ. ವಾಂತಿ ಭೇದಿ ಆದಾಗ ಮಾತ್ರ ಈ ಪಾನೀಯ ಸಾಲದು, ಆಗ ಓಆರ್‌ಎಸ್ ಪೊಟ್ಟಣ ಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಪಾಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಲ್ಲಿ ಸಕ್ಕರೆಗೆ ಕೆಲಸವಿದೆ, ಬಿಡಬಾರದು.

ಕುಡಿಯುವುದನ್ನು ಮಿಜಾಜಿಗೆ ತಕ್ಕಂತೆ, ನೆಲಕ್ಕೆ ತಕ್ಕಂತೆ ಆರಿಸುವ ಮಾತು ಈ ಊರಿಗೆ ಹಳೆಯದು. ಎರಡನೇ ಇಬ್ರಾಹಿಮ್ ಆದಿಲ್‌ಶಾಹನ ಆಸ್ಥಾನದಲ್ಲಿದ್ದ ಫರಿಷ್ತಾನನ್ನು ಇತಿಹಾಸಕಾರನೆಂದು ಎಲ್ಲರೂ ಬಲ್ಲರು. ಅವನು ಈ ದೇಶದ ವೈದ್ಯಪದ್ಧತಿಯ ಮೇಲೆ ಪಾರ್ಸಿಯಲ್ಲಿ ‘ದಸ್ತೂರುಲ್ ಅತಿಬ್ಬಾ’ ಎಂಬ ಗ್ರಂಥವನ್ನೂ ಬರೆದಿದ್ದಾನೆ. ಹೊರಗಿನಿಂದ ಬಂದವನಿಗೂ ಇಲ್ಲಿನ ಗಿಡಮೂಲಿಕೆಯನ್ನು ಅರಿಯಬೇಕೆನಿಸಿತ್ತು. ನಾವು ಹಿತ್ತಲು ಬಿಟ್ಟು ಬಾಟಲಿಗೆ ಹೋಗಿದ್ದೇವೆ.

ಇನ್ನು ಪುದೀನ. ಬಹಳ ಮನೆಗಳಲ್ಲಿ ಅದು ಬೆಳೆಯುವುದು ಬಚ್ಚಲ ನೀರು ಹರಿಯುವಲ್ಲಿ. ಎಲೆ ಹಸಿರಾಗಿ ಸೊಂಪಾಗಿ ಇರುತ್ತದೆ, ಆದರೆ ಅದನ್ನು ಹಸಿಯಾಗಿ ಜಜ್ಜಿ ಶರ್ಬತ್ತಿಗೆ ಹಾಕಿದಾಗ ಬಚ್ಚಲ ಕೊಳೆಯೂ ಗ್ಲಾಸಿಗೆ ಬರುತ್ತದೆ. ಆಮಶಂಕೆ, ಕಾಮಾಲೆ ಹರಡುವ ದಾರಿಗಳಲ್ಲಿ ಇದೂ ಒಂದು. ವುಝೂ ಮಾಡಿದ ನೀರಿನಲ್ಲಿ ಸಾಬೂನು ಇರುವುದಿಲ್ಲವೆಂದು ಕೆಲವರು ಅದನ್ನೇ ಹಾಕುತ್ತಾರೆ. ಬಾಯಿ ಮುಕ್ಕಳಿಸಿದ, ಕಾಲು ತೊಳೆದ ನೀರದು. ಲಿಂಬೆಯ ಬುಡಕ್ಕೆ, ನುಗ್ಗೆಯ ಬುಡಕ್ಕೆ ಧಾರಾಳವಾಗಿ ಬಿಡಿ, ನೀರಿನ ಉಳಿತಾಯವೂ ಆಯಿತು. ಹಸಿಯಾಗಿ ತಿನ್ನುವ ಪುದೀನ, ಕೊತ್ತಂಬರಿಗೆ ಅಕ್ಕಿ, ಬೇಳೆ ತೊಳೆದ ನೀರು ಹಾಕಿ, ಕಿತ್ತ ಮೇಲೆ ಹರಿಯುವ ನೀರಿನಲ್ಲಿ ಮೂರು ಸಲ ತೊಳೆಯಿರಿ. ಕಾಮಕಸ್ತೂರಿ ಬೀಜವನ್ನು, ನಮ್ಮವರು ಸಬ್ಜಾ ಎನ್ನುವುದನ್ನು, ಪೂರ್ತಿ ಉಬ್ಬುವವರೆಗೆ ನೆನೆಸಿಯೇ ಕೊಡಬೇಕು. ಒಣಬೀಜ ಗಂಟಲಲ್ಲಿ ಉಬ್ಬಿದರೆ ಉಸಿರಿಗೇ ತೊಂದರೆ. ಚಿಕ್ಕ ಮಕ್ಕಳಿಗೆ ಕೊಡದಿದ್ದರೆ ನಷ್ಟವೇನಿಲ್ಲ.

ಪಾತ್ರೆಯನ್ನೂ ನೋಡಿಕೊಳ್ಳಿ. ಅಜ್ಜಿಯ ಕಾಲದ ತಾಮ್ರ, ಹಿತ್ತಾಳೆ ಪಾತ್ರೆಯ ಕಲಾಯಿ ಹೋಗಿದ್ದರೆ ಅದರಲ್ಲಿ ಲಿಂಬೆ, ಹುಣಸೆ, ಮಾವಿನಕಾಯಿಯ ಪಾನಕ ಇಡಬಾರದು. ಹುಳಿ ತಾಮ್ರವನ್ನು ಕರಗಿಸುತ್ತದೆ, ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಮಣ್ಣು, ಗಾಜು, ಸ್ಟೀಲ್ ಯಾವುದಾದರೂ ಆದೀತು.

ಸೋರೆಕಾಯಿಯ ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಿ. ಕದ್ದು ಪ್ರವಾದಿ(ಸ)ಯವರಿಗೆ ಪ್ರಿಯವಾಗಿತ್ತೆಂದು ಅನಸ್(ರ)ರಿಂದ ಬಂದ ಹದೀಸ್ ನಿಮಗೆ ಗೊತ್ತಿದೆ. ಅದು ಬೇಯಿಸಿದ ಸಾರಿನೊಳಗಿನ ಕದ್ದು, ಒಣಮಾಂಸದ ಜೊತೆ ಬೆಂದದ್ದು. ಈಗಿನವರು ತೂಕ ಇಳಿಯುತ್ತದೆ, ಸಕ್ಕರೆ ಇಳಿಯುತ್ತದೆ ಎಂದು ಹಸಿ ಕಾಯಿಯನ್ನು ಮಿಕ್ಸಿಗೆ ಹಾಕಿ ಖಾಲಿ ಹೊಟ್ಟೆಗೆ ಒಂದು ಗ್ಲಾಸ್ ಕುಡಿಯುತ್ತಾರೆ. ಕಾಯಿ ಕಹಿಯಾಗಿದ್ದರೆ ಅದು ವಿಷ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಹೀಗೆ ಕಹಿ ರಸ ಕುಡಿದು ತೀರಿಕೊಂಡರು. ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಮಾಡಿ, ರಸ ತೆಗೆಯುವ ಮುಂಚೆ ಸಣ್ಣ ತುಂಡನ್ನು ನಾಲಿಗೆಗೆ ಹಚ್ಚಿ ನೋಡಿ, ಕಹಿ ಇದ್ದರೆ ಎಸೆಯಬೇಕೆಂದು ಹೇಳಿತು. ಕುಕುರ್ಬಿಟಾಸಿನ್ ಎಂಬ ಅಂಶ ಈ ಕಹಿಗೆ ಕಾರಣ. ನೀರು ಸಾಲದೆ, ಬಿಸಿಲಿಗೆ ಬಾಡಿದ ಬಳ್ಳಿಯಲ್ಲಿ, ಬಲಿತ ಕಾಯಿಯಲ್ಲಿ ಅದು ಹೆಚ್ಚುತ್ತದೆ. ನಮ್ಮ ಬೇಸಿಗೆಯ ಹಿತ್ತಲೆಂದರೆ ಅದೇ ತಾನೆ? ಬೇಯಿಸಿದರೂ ಕಹಿ ಹೋಗದು, ಜೇನು ಬೆರೆಸಿದರೂ ವಿಷ ಹೋಗದು. ಎಷ್ಟೋ ಜನ “ಔಷಧಿ ಕಹಿ ಇರೋದೇ” ಎಂದು ಕಣ್ಣು ಮುಚ್ಚಿ ಕುಡಿಯುತ್ತಾರೆ. ಹಾಗಲಕಾಯಿಯ ಕಹಿ ಬೇರೆ, ಸೋರೆಕಾಯಿಯ ಕಹಿ ಬೇರೆ. ಕುಡಿದ ಸ್ವಲ್ಪ ಹೊತ್ತಿಗೇ ಹೊಟ್ಟೆನೋವು, ವಾಂತಿ, ಭೇದಿ, ರಕ್ತವಾಂತಿ ಕಂಡರೆ ನನ್ನ ದವಾಖಾನೆಗೂ ಬರಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ಅದಕ್ಕೆ ಪ್ರತಿವಿಷವಿಲ್ಲ, ಸಲೈನ್ ಹಾಕಿ ರಕ್ತದೊತ್ತಡ ಕಾಯುವುದೊಂದೇ ದಾರಿ. ರುಚಿ ನೋಡಿ ಸಪ್ಪಗಿದ್ದ ಎಳೆಕಾಯಿಯನ್ನು ಕಡಲೆಬೇಳೆ ಜೊತೆ ದಾಲ್ಚಾ ಮಾಡಿ. ಅದಕ್ಕಿಂತ ತಂಪಿನ ಅಡುಗೆ ಇನ್ನೊಂದಿಲ್ಲ.

ನುಗ್ಗೆಸೊಪ್ಪಿನ ಪಲ್ಯ ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಿಗೆ ಒಳ್ಳೆಯದು. ತಟ್ಟೆಯಲ್ಲಿ ಲಿಂಬೆ ಹಿಂಡಿಕೊಂಡರೆ ಅದರ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಹತ್ತುವುದಿಲ್ಲ, ಒಂದು ತಾಸು ತಡೆಯಿರಿ. ಪುಂಡಿಪಲ್ಯ ಜೋಳದ ರೊಟ್ಟಿಗೆ ಜೋಡಿ, ಮೂತ್ರಕೋಶದಲ್ಲಿ ಕಲ್ಲಾಗುವವರು ಮಾತ್ರ ಮಿತವಾಗಿ ತಿನ್ನಲಿ.

ಕೊನೆಗೆ ಒಣದ್ರಾಕ್ಷಿ. ತಿಕೋಟಾ ಸುತ್ತಿನ ತೋಟಗಳ ಮನೆಯಲ್ಲಿ ಅದು ಡಬ್ಬಿ ತುಂಬ ಇರುತ್ತದೆ. ನೆನೆಸಿದ ನೀರು, ನಬೀಝ್, ಮಲಬದ್ಧತೆಗೆ, ದಣಿವಿಗೆ ಚೆನ್ನ. ಇಲ್ಲಿ ದ್ರಾಕ್ಷಿಯನ್ನು ಬೇಗ ಒಣಗಲೆಂದು ಎಣ್ಣೆ, ಪೊಟ್ಯಾಶ್ ಕಲಸಿದ ನೀರಿನಲ್ಲಿ ಅದ್ದಿ ಶೆಡ್ಡಿನಲ್ಲಿ ಹರಡುತ್ತಾರೆ. ಬಣ್ಣಕ್ಕೆ ಗಂಧಕದ ಹೊಗೆ ಕೊಡುವುದೂ ಉಂಟು. ಆದ್ದರಿಂದ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಸಲ ತೊಳೆದು, ಆ ನೀರು ಚೆಲ್ಲಿ, ಆಮೇಲೆ ನೆನೆಸಿ. ಉಬ್ಬಸದವರು ಗಂಧಕ ಮುಟ್ಟಿಸಿದ ಹೊಂಬಣ್ಣದ ದ್ರಾಕ್ಷಿಯ ಬದಲು ಕಂದುಬಣ್ಣದ್ದನ್ನು ಕೇಳಿ ತರಲಿ. ಸಕ್ಕರೆ ಕಾಯಿಲೆಯವರಿಗೆ ಈ ನೀರೂ ಸಿಹಿಯೇ, ಬೇಡ. ಬೆಳಿಗ್ಗೆ ನೆನೆಸಿದ್ದನ್ನು ಸಂಜೆ, ಸಂಜೆ ನೆನೆಸಿದ್ದನ್ನು ಬೆಳಿಗ್ಗೆ ಪ್ರವಾದಿ(ಸ) ಕುಡಿಯುತ್ತಿದ್ದರೆಂದು ಆಯಿಷಾ(ರ)ರಿಂದ ವರದಿಯಾಗಿದೆ. ವಿಜಯಪುರದ ಮೇ ತಿಂಗಳಲ್ಲಿ ಆ ಹನ್ನೆರಡು ತಾಸನ್ನೂ ಫ್ರಿಜ್ಜಿನಲ್ಲೋ ಒದ್ದೆ ಬಟ್ಟೆ ಸುತ್ತಿದ ಗಡಿಗೆಯಲ್ಲೋ ಕಳೆಯಬೇಕು. ಮುಚ್ಚಳ ತೆಗೆದಾಗ ನೊರೆ ಕಂಡರೆ, ನಾಲಿಗೆಗೆ ಚುರುಗುಟ್ಟಿದರೆ ಅದು ಹುದುಗಿ ಅಮಲಿನ ಕಡೆ ಹೊರಟಿದೆ. ಅದನ್ನು ಲಿಂಬೆ ಗಿಡದ ಬುಡಕ್ಕೆ ಸುರಿದು, ಗಡಿಗೆಯನ್ನು ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿ.