ಇಪ್ಪತ್ನಾಲ್ಕು ಗ್ರಾಮಿನ ಹೆರಾಲ್ಡ್‌ಗೆ ಎಷ್ಟು ಖರ್ಚು?

ಮದರಾಸಿನಲ್ಲೇ ಹುಟ್ಟಿದ ಕಾರಿನ ಪುಟ್ಟ ಮಾದರಿಯನ್ನು ಚೆನ್ನೈನ ಮಾಧವರಂನ ಮನೆಯಲ್ಲಿ ಕೂತು ಜೋಡಿಸಬೇಕೆಂದರೆ ಕಿಟ್ಟನ್ನು ಹೊರದೇಶದಿಂದ ತರಿಸಬೇಕು. ವಂಡಲೂರಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಾರ್ಖಾನೆ 1961ರಿಂದ ಸುಮಾರು ಹತ್ತು ವರ್ಷ ತಯಾರಿಸಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಮೂಲದಲ್ಲಿ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್. ಅದರ ಪ್ಲಾಸ್ಟಿಕ್ ಕಿಟ್ಟನ್ನು 1/32ರ ಅಳತೆಯಲ್ಲಿ ತಂದದ್ದು ಅಲ್ಲಿನ ಏರ್‌ಫಿಕ್ಸ್ ಕಂಪನಿ. ಮಾಧವರಂನಿಂದ ಜಿಎನ್‌ಟಿ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಶೋಲಾವರಂ. ಎರಡನೇ ಮಹಾಯುದ್ಧ ಕಾಲದ ಅಲ್ಲಿನ ವಿಮಾನಪಟ್ಟಿಯ ಮೇಲೆ ದಶಕಗಳ ಕಾಲ ಕಾರು ರೇಸ್ ನಡೆಯಿತು, ಹೆರಾಲ್ಡ್‌ಗಳೂ ಓಡಿದವು. ಹಾಗಾಗಿ ಲೆಕ್ಕಕ್ಕೆ ಇದೇ ಕಾರು ಇರಲಿ.

ನಿಜವಾದ ಹೆರಾಲ್ಡ್‌ನ ಉದ್ದ 3,886 ಮಿ.ಮೀ., ಅಗಲ 1,524, ಎತ್ತರ ಸುಮಾರು 1,320. 32ರಿಂದ ಭಾಗಿಸಿದರೆ 121, 48, 41 ಮಿ.ಮೀ. ಅಂಗೈ ಮೇಲೆ ನಿಲ್ಲುತ್ತದೆ. ತೂಕದ ಲೆಕ್ಕ ಇನ್ನೂ ಮಜವಾಗಿದೆ. ಉದ್ದ 32 ಪಟ್ಟು ಕುಗ್ಗಿದಾಗ ಗಾತ್ರ 32,768 ಪಟ್ಟು ಕುಗ್ಗುತ್ತದೆ. ಸುಮಾರು 800 ಕಿಲೋ ಕಾರು ಅದೇ ಲೋಹ, ಅದೇ ಗಾಜಿನಲ್ಲಿ ಕುಗ್ಗಿದ್ದರೆ ತೂಗುವುದು 24 ಗ್ರಾಂ.

ಈಗ ದುಡ್ಡಿನ ಮಾತು. ಚೆನ್ನೈ ಬಂದರಿಗೆ ಬಂದಿಳಿಯುವ ಹೊತ್ತಿಗೆ ಸಾಗಣೆ, ವಿಮೆ ಸೇರಿ ಒಂದು ಕಿಟ್ಟಿಗೆ ₹1,500 ಬಿತ್ತೆಂದು ಹಿಡಿಯೋಣ. ಕಸ್ಟಮ್ಸ್ ಪಟ್ಟಿಯಲ್ಲಿ ಮಕ್ಕಳ ಮೂರು ಗಾಲಿಯ ಸೈಕಲ್, ಗೊಂಬೆ, ಅಳತೆಗೆ ಇಳಿಸಿದ ಮಾದರಿ ಎಲ್ಲವೂ 9503 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ. ಈ ಶೀರ್ಷಿಕೆಯ ಮೂಲ ಸುಂಕ 2020ರ ಬಜೆಟ್‌ವರೆಗೆ ಶೇ. 20 ಇತ್ತು. ಆಗ ಶೇ. 60 ಆಯಿತು, 2023ರಲ್ಲಿ ಶೇ. 70. ಎಲೆಕ್ಟ್ರಾನಿಕ್ ಅಲ್ಲದ ಆಟಿಕೆಗಳ ಜಿಎಸ್‌ಟಿ ಮಾತ್ರ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ಸರ್ಚಾರ್ಜ್ ಬದಿಗಿಟ್ಟು ಗುಣಿಸಿದರೆ, ಬಂದರು ದಾಟುವಾಗ ಅದೇ ಕಿಟ್ಟಿಗೆ ಮೊದಲು ₹2,016, ಆಮೇಲೆ ₹2,688, ಬಳಿಕ ₹2,856, ಈಗ ₹2,677. ಜಿಎಸ್‌ಟಿ ಇಳಿದರೂ 2020ರಲ್ಲಿ ಏರಿದ್ದು ಹಾಗೆಯೇ ಉಳಿದಿದೆ. ಅಂಗಡಿಯವನು ಶೇ. 25 ಲಾಭ ಇಟ್ಟುಕೊಂಡು ಮಾರಿದರೆ ಗಿರಾಕಿಯ ಕೈಗೆ ಬರುವಾಗ ₹3,347.

ಅಗ್ಗದ ವಿದೇಶಿ ಆಟಿಕೆಗಳನ್ನು ತಡೆಯಲೆಂದು ಈ ಸುಂಕ ಏರಿತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಚನ್ನಪಟ್ಟಣದ ಆಲೆಮರದ ಗೊಂಬೆಗೂ ಹೆರಾಲ್ಡ್ ಕಿಟ್ಟಿಗೂ ಯಾವ ಪೈಪೋಟಿ? ತಮಾಷೆ ಎಂದರೆ, 2021ರ ಜನವರಿ 1ರಿಂದ ಜಾರಿಯಾದ ಆಟಿಕೆ ಗುಣಮಟ್ಟ ಆದೇಶ ವಯಸ್ಸು ನೋಡುತ್ತದೆ. 14 ವರ್ಷದೊಳಗಿನ ಮಕ್ಕಳು ಆಡುವ ವಸ್ತುವಿಗಷ್ಟೇ ಐಎಸ್‌ಐ ಗುರುತು ಕಡ್ಡಾಯ. ಸುಂಕ ವಯಸ್ಸು ಕೇಳುವುದಿಲ್ಲ.

ಕಿಟ್ ಬಂತು, ಇನ್ನು ಸಾಮಾನು. ನನ್ನ ಅಂದಾಜು: ಸಣ್ಣ ಕಟಿಂಗ್ ಪ್ಲೇಯರ್ ₹400, ಚಾಕು ಮತ್ತು ಬ್ಲೇಡ್ ₹200, ನೀರು ಹಾಕಿ ಉಜ್ಜುವ ಮರಳು ಕಾಗದ ₹100, 40 ಮಿ.ಲೀ. ಅಂಟು ₹450, ನಾಲ್ಕು ಬಾಟಲಿ ಬಣ್ಣ ₹1,000, ಏರ್‌ಬ್ರಷ್ ಮತ್ತು ಸಣ್ಣ ಕಂಪ್ರೆಸರ್ ₹5,000. ಮೊದಲ ಕಾರಿಗೆ ಒಟ್ಟು ₹10,497. ಸಲಕರಣೆ, ಅಂಟುಗಳನ್ನು ಹತ್ತು ಕಾರಿಗೆ ಹಂಚಿ, ಪ್ರತಿ ಸಲ ಹೊಸ ಕಾಗದ ಮತ್ತು ಎರಡು ಬಾಟಲಿ ಬಣ್ಣ ಹಿಡಿದರೆ ಕಾರೊಂದಕ್ಕೆ ₹4,552. ಹತ್ತನ್ನೂ ಮುಗಿಸಿದರೆ, ಅನ್ನಿ! ಈ ಹವ್ಯಾಸಿಗಳ ಅಟ್ಟದ ಮೇಲೆ ಒಡೆಯದ ಪೆಟ್ಟಿಗೆಗಳೇ ಹೆಚ್ಚು.

ಬಣ್ಣದಲ್ಲಿ ಹಣಕ್ಕಿಂತ ದಪ್ಪದ್ದೇ ಸಮಸ್ಯೆ. 1/32ರ ಹೆರಾಲ್ಡ್‌ನ ಹೊರಮೈ ಸುಮಾರು 155 ಚದರ ಸೆಂ.ಮೀ. 40 ಮೈಕ್ರಾನ್ ಬಳಿದರೆ ಒಣಗಿದ ಮೇಲೆ ಉಳಿಯುವುದು ಬರೀ 0.6 ಮಿ.ಲೀ., ಅಂದರೆ 10 ಮಿ.ಲೀ. ಬಾಟಲಿ ಧಾರಾಳ. ಆದರೆ ಅದೇ 40 ಮೈಕ್ರಾನನ್ನು ನಿಜವಾದ ಕಾರಿಗೆ ಹಿಗ್ಗಿಸಿ ನೋಡಿ: 1.28 ಮಿ.ಮೀ. ದಪ್ಪ. ಕಾರ್ಖಾನೆಯಿಂದ ಬಂದ ಕಾರಿನ ಮೇಲಿರುವುದು ಅದರ ಹತ್ತರಲ್ಲೊಂದು ಪಾಲು. ಒಂದು ಕೋಟ್ ಹೆಚ್ಚಾದರೂ ಬಾಗಿಲಿನ ಗೆರೆ ಮುಚ್ಚಿಹೋಗುವುದು ಇದಕ್ಕೇ. ಇನ್ನು ಚೆನ್ನೈನ ಹವೆ. ಲ್ಯಾಕರ್ ಬಣ್ಣದ ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಕೂತು ಬಿಳಿ ಮಂಜು ಕವಿಯುತ್ತದೆ. ಊರಿನ ವರ್ಷದ ಸುಮಾರು 1,400 ಮಿ.ಮೀ. ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಸುರಿಯುತ್ತದೆ. ಆ ಮೂರು ತಿಂಗಳು ಕತ್ತರಿಸಿ, ಉಜ್ಜಿ, ಅಂಟಿಸಿ. ಬಣ್ಣ ಪೊಂಗಲ್ ಕಳೆದ ಮೇಲೆ.

ಕೊನೆಗೊಂದು ತೊಡಕು. ಏರ್‌ಫಿಕ್ಸ್‌ನದು ಎರಡು ಬಾಗಿಲಿನ ಬ್ರಿಟಿಷ್ ಕಾರು. ಮದರಾಸಿನ ಹೆರಾಲ್ಡ್ ಮಾರ್ಕ್ 3ಕ್ಕೆ ನಾಲ್ಕು ಬಾಗಿಲು. ಸ್ಟೀರಿಂಗ್ ಬಲಕ್ಕೇ ಇರುವುದರಿಂದ ಒಳಗಿನ ಕೆಲಸ ಉಳಿಯಿತು. ಹಿಂದಿನ ಬಾಗಿಲಿನ ಗೆರೆ ಕೊರೆದು, ನಡುವಿನ ಕಂಬವನ್ನು 0.5 ಮಿ.ಮೀ. ಪ್ಲಾಸ್ಟಿಕ್‌ನಿಂದ ಹೊಸದಾಗಿ ಮಾಡಬೇಕು. ನಿಜವಾದ ಕಾರಿನಲ್ಲಿ ಅದು 16 ಮಿ.ಮೀ. ಆದೀತು. ಇದಕ್ಕೆ ಆಮದು ಹಾಳೆ ಬೇಡ. ಆವಿನ್ ಹಾಲಿನ ಡೇರಿ ಇರುವ ಮಾಧವರಂನಲ್ಲಿ ಮೊಸರಿನ ಖಾಲಿ ಡಬ್ಬಿಗಳಿಗೆ ಬರವಿಲ್ಲ. ತೊಳೆದು ತಳ ನೋಡಿ. ತ್ರಿಕೋನದೊಳಗೆ 6 ಇದ್ದರೆ ಪಾಲಿಸ್ಟೈರೀನ್, ಕಿಟ್ಟಿನದೂ ಅದೇ ಪ್ಲಾಸ್ಟಿಕ್, ಅಂಟು ಎರಡನ್ನೂ ಕರಗಿಸಿ ಒಂದು ಮಾಡುತ್ತದೆ. 5 ಇದ್ದರೆ ಪಾಲಿಪ್ರೊಪಿಲೀನ್, ಎಷ್ಟು ಅಂಟು ಸುರಿದರೂ ಕೂರುವುದಿಲ್ಲ.