ಅಟ್ಟವನ್ನು ಕೋಣೆಯಾಗಿಸುವ ಮುನ್ನ



ನಮ್ಮ ನಗರಗಳ ಹಳೆಯ ಬಡಾವಣೆಗಳಲ್ಲಿ ಮಂಗಳೂರು ಹೆಂಚಿನ ಮನೆಗಳು ಈಗಲೂ ಅಲ್ಲಲ್ಲಿ ಉಳಿದುಕೊಂಡಿವೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಈ ಹೆಂಚು ಘಟ್ಟವನ್ನು ಹತ್ತಿ ಮೈಸೂರು ಬೆಂಗಳೂರುಗಳಿಗೂ ಬಂದಿತು. ಇಂತಹ ಮನೆಗಳಲ್ಲಿ ಹೆಂಚಿಗೂ ಕೆಳಗಣ ಕೊಠಡಿಗೂ ನಡುವೆ ಒಂದು ಅಟ್ಟವಿರುವುದಷ್ಟೆ. ಮುರಿದ ತೊಟ್ಟಿಲು, ಮದುವೆಯ ಕೊಪ್ಪರಿಗೆ, ಹಳೆಯ ಪಂಚಾಂಗಗಳ ಕಟ್ಟು, ಇವೆಲ್ಲಕ್ಕೂ ಅದೇ ಆಶ್ರಯ. ಸಂಸಾರ ಬೆಳೆದು ಸ್ಥಳ ಸಾಲದೆ ಬಂದಾಗ ಮನೆಯವರ ದೃಷ್ಟಿ ಸಹಜವಾಗಿ ಆ ಅಟ್ಟದ ಕಡೆಗೆ ಹರಿಯುತ್ತದೆ. ಹೊಸ ನಿವೇಶನದ ಬೆಲೆ ಕೈಗೆ ಎಟುಕದಿರುವಾಗ ಇದು ವಿವೇಕದ ಆಲೋಚನೆಯೇ ಸರಿ. ಆದರೆ ಆ ಆಲೋಚನೆ ಹುಟ್ಟಿದೊಡನೆ ನಾವು ಕಂಟ್ರಾಕ್ಟರನ್ನು ಕರೆದು “ಚದರಕ್ಕೆ ಎಷ್ಟಾಗುತ್ತದೆ?” ಎಂದು ಕೇಳುತ್ತೇವೆ. ಈ ಪ್ರಶ್ನೆಯನ್ನು ಕಟ್ಟಕಡೆಗೆ ಕೇಳಬೇಕೆಂಬುದೇ ನಾನು ಇಂದು ಹೇಳಬೇಕೆಂದಿರುವ ಮಾತಿನ ಸಾರಾಂಶ.

ಮೊಟ್ಟಮೊದಲು ಪ್ರಶ್ನಿಸಬೇಕಾದುದು ಹಳೆಯ ಮನೆಯನ್ನು. ಅಟ್ಟವನ್ನು ಹಾಕಿಸಿದ ಹಿರಿಯರು ಸಾಮಾನಿನ ಭಾರವನ್ನು ಎಣಿಸಿದ್ದರೇ ಹೊರತು ಸಂಸಾರದ ಭಾರವನ್ನು ಎಣಿಸಿರಲಿಲ್ಲ. 12 ಅಡಿ ಅಗಲ, 15 ಅಡಿ ಉದ್ದದ ಒಂದು ಅಟ್ಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ವಿಸ್ತಾರ 180 ಚದರಡಿ, ಎಂದರೆ ಸುಮಾರು 16.7 ಚದರ ಮೀಟರು. ವಾಸದ ಕೋಣೆಯ ನೆಲವು ಜನ, ಮಂಚ, ಬೀರು ಮೊದಲಾದುವುಗಳಿಗಾಗಿ ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ತಾಳುವಂತಿರಬೇಕೆಂದು ಭಾರತೀಯ ಮಾನಕ ಸಂಹಿತೆಯು ವಿಧಿಸುತ್ತದೆ. ಆ ಲೆಕ್ಕದಂತೆ ನಮ್ಮ ಅಟ್ಟ 3,300 ಕಿಲೋಗ್ರಾಮಿಗೆ ಸಿದ್ಧವಾಗಿರಬೇಕು. ಹಲಗೆಯನ್ನು ಕಿತ್ತು 5 ಅಂಗುಲ ದಪ್ಪದ ಕಾಂಕ್ರೀಟು ಹಾಸಿದರೆ ಆ ಹಾಸಿನ ಸ್ವಂತ ತೂಕವೇ 5,000 ಕಿಲೋಗ್ರಾಮಿಗೆ ಮಿಕ್ಕುತ್ತದೆ. ಕೆಸರುಮಣ್ಣಿನಲ್ಲಿ ಕಟ್ಟಿದ ಹಳೆಯ ಗೋಡೆ ಇದನ್ನು ಹೊತ್ತೀತೆ? ಉಕ್ಕಿನ ತೊಲೆಗಳ ಮೇಲೆ ಹಗುರವಾದ ನೆಲವನ್ನು ಕೂರಿಸಬೇಕೆ? ಈ ತೀರ್ಪನ್ನು ಮೇಸ್ತ್ರಿಯ ಅನುಭವಕ್ಕೆ ಬಿಡತಕ್ಕದ್ದಲ್ಲ. ಕಟ್ಟಡಗಳ ಬಲಾಬಲವನ್ನು ಲೆಕ್ಕಹಾಕುವ ಇಂಜಿನಿಯರನ್ನು ಕರೆಸಿ, ಪಾಯವನ್ನು ಒಂದು ಕಡೆ ಅಗೆಸಿ, ತೊಲೆಗಳ ತುದಿಗಳನ್ನು ಪರೀಕ್ಷಿಸಿ, ಅವರ ಅಭಿಪ್ರಾಯವನ್ನು ಬರೆವಣಿಗೆಯಲ್ಲಿ ಪಡೆಯಬೇಕು. ಅವರು “ಕೂಡದು” ಎಂದರೆ ಅವರಿಗೆ ತೆತ್ತ ಶುಲ್ಕ ವ್ಯರ್ಥವಾಯಿತೆಂದು ಮರುಗಬೇಕಾಗಿಲ್ಲ. ಕೆಳಗೆ ಮಲಗುವವರ ಪ್ರಾಣ ಅದರಿಂದ ಉಳಿಯಿತು.

ಎರಡನೆಯದು ಎತ್ತರ ಮತ್ತು ಮೆಟ್ಟಿಲು. ಇಳಿಜಾರು ಮಾಡಿನ ಕೆಳಗಣ ವಾಸದ ಕೋಣೆಗೆ ಸರಾಸರಿ 2.75 ಮೀಟರು, ಎಂದರೆ 9 ಅಡಿ ಎತ್ತರವಿರಬೇಕೆಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ನಿಯಮ. ಅಷ್ಟಿಲ್ಲದಿದ್ದರೆ ಮಾಡನ್ನೇ ಎತ್ತಬೇಕಾಗಿ ಬಂದು ಖರ್ಚಿನ ಸ್ವರೂಪವೇ ಬದಲಾಗುತ್ತದೆ. ಮೆಟ್ಟಿಲಿನ ವಿಚಾರವನ್ನಂತೂ ಬಹುಮಂದಿ ಮರೆಯುತ್ತಾರೆ. 10 ಅಡಿ ಏರಬೇಕಾದರೆ, ಏಳೂವರೆ ಅಂಗುಲಕ್ಕೊಂದರಂತೆ 16 ಏರುಗಳು ಬೇಕು. ಕಾಲಿಡಲು 10 ಅಂಗುಲದ 15 ಹಾಸುಗಳು ಬೇಕು. ನೇರವಾಗಿ ಇಳಿಸಿದರೆ ಕೆಳಗೆ ಹನ್ನೆರಡೂವರೆ ಅಡಿ ಉದ್ದದ ಸ್ಥಳ ಹೋಯಿತು. ಮೇಲೆ ಪಡೆಯುವ ಸ್ಥಳದಿಂದ ಇದನ್ನು ಕಳೆದಮೇಲೆ ಉಳಿಯುವುದೇ ನಿಜವಾದ ಲಾಭ.

ಇವಿಷ್ಟು ನಿಶ್ಚಯವಾಗಿ, ನಕ್ಷೆಯು ಸಿದ್ಧವಾಗಿ, ಪೌರಸಂಸ್ಥೆಯ ಅನುಮತಿಯೂ ದೊರೆತ ಮೇಲೆ ಒಂದು ಕೆಲಸದ ಪಟ್ಟಿಯನ್ನು ಬರೆಯಬೇಕು. ಎಷ್ಟು ಹೆಂಚು ಇಳಿಸಬೇಕು, ಯಾವ ಮರ ಬದಲಾಗಬೇಕು, ನೆಲ ಯಾವುದರದು, ಹೆಂಚಿನ ಕಾವನ್ನು ತಡೆಯಲು ಕೆಳಗೆ ಯಾವ ಹೊದಿಕೆ, ಕಿಟಕಿಗಳೆಷ್ಟು, ದೀಪದ ತಂತಿ ಎಲ್ಲೆಲ್ಲಿ, ಬಣ್ಣ ಎಷ್ಟು ಸಲ, ಕೆಡವಿದ ಮಣ್ಣುಕಲ್ಲನ್ನು ಯಾರು ಸಾಗಿಸಬೇಕು, ಇವೆಲ್ಲವೂ ಅಳತೆಸಹಿತವಾಗಿ ಅದರಲ್ಲಿರಬೇಕು. ಮೂವರು ಗುತ್ತಿಗೆದಾರರಿಗೆ ಇದೇ ಪಟ್ಟಿಯನ್ನು ಕೊಟ್ಟು ದರವನ್ನು ಕೇಳತಕ್ಕದ್ದು.

ಪಟ್ಟಿಯಿಲ್ಲದ ದರ ಹೇಗೆ ಮೋಸಗೊಳಿಸುತ್ತದೆಂಬುದನ್ನು ಸ್ವಲ್ಪ ಗಣಿತದಿಂದ ತೋರಿಸುತ್ತೇನೆ. ನಮ್ಮ ಕಡೆ ಒಂದು ಚದರವೆಂದರೆ 100 ಚದರಡಿ. ನಮ್ಮ 12ಕ್ಕೆ 15 ಅಡಿಯ ಕೋಣೆಯನ್ನು ಒಳಗಿನಿಂದ ಅಳೆದರೆ 1.8 ಚದರ. ಸುತ್ತಲಿನ 9 ಅಂಗುಲದ ಗೋಡೆಗಳನ್ನೂ ಸೇರಿಸಿ ಹೊರಗಿನಿಂದ ಅಳೆದರೆ ಹದಿಮೂರೂವರೆಗೆ ಹದಿನಾರೂವರೆ ಅಡಿ, ಅದು 2.23 ಚದರಕ್ಕೆ ಸಮೀಪವಾಗುತ್ತದೆ. ಲೆಕ್ಕದ ಸೌಕರ್ಯಕ್ಕಾಗಿ ಒಬ್ಬನ ದರ ಚದರಕ್ಕೆ 2,00,000 ರೂಪಾಯಿ, ಹೊರ ಅಳತೆ; ಇನ್ನೊಬ್ಬನದು 2,30,000 ರೂಪಾಯಿ, ಒಳ ಅಳತೆ ಎಂದಿಟ್ಟುಕೊಳ್ಳೋಣ. ಅಗ್ಗದವನಿಗೆ ಸಲ್ಲುವುದು 4,45,500; ದುಬಾರಿಯವನಿಗೆ 4,14,000! ಮೊದಲನೆಯವನು ಸುಳ್ಳಾಡಲಿಲ್ಲ, ಯಾವ ಅಳತೆಯೆಂದು ನಾವು ಕೇಳಲಿಲ್ಲ, ಅಷ್ಟೆ. ಮೆಟ್ಟಿಲು ಸೇರಿದೆಯೆ, ತೆರಿಗೆ ಸೇರಿದೆಯೆ ಎಂಬುದನ್ನೂ ಹೀಗೆಯೇ ಕೇಳಬೇಕು. ದರಪತ್ರದ ಮೇಲೆ ತಾರೀಖು ಇರುವುದೂ ಅವಶ್ಯಕ. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ತೆರಿಗೆ ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ಹಿಂದಿನ ತಿಂಗಳಿನ ದರಪತ್ರವನ್ನು ಹಿಡಿದು ಮುಂದಿನ ತಿಂಗಳಲ್ಲಿ ಒಪ್ಪಿಕೊಂಡವರು ನಷ್ಟಪಟ್ಟಿರಬೇಕು.

ಬಂದ ಮೊತ್ತಕ್ಕೆ ಅನಿರೀಕ್ಷಿತ ವೆಚ್ಚವನ್ನು ಸೇರಿಸದೆ ಆಯವ್ಯಯ ಪೂರ್ಣವಾಗದು. ಹೊಸ ಕಟ್ಟಡದ ಅಂದಾಜಿಗೆ ನೂರಕ್ಕೆ 3ರಿಂದ 5ರಷ್ಟು ಸೇರಿಸುವ ವಾಡಿಕೆಯುಂಟು. ಹಳೆಯ ಮನೆಗೆ 15 ಆದರೂ ಬೇಕು. ಏಕೆಂದರೆ ಹೆಂಚನ್ನು ಇಳಿಸುವವರೆಗೆ ಗೆದ್ದಲು ಎಷ್ಟು ದೂರ ಹೋಗಿದೆಯೆಂಬುದು ಯಾರಿಗೂ ಕಾಣದು. ಈ ಹಣವನ್ನು ಬಣ್ಣಬೆಡಗಿಗೆ ಮುಟ್ಟಬಾರದು.

ಇನ್ನು ಗುತ್ತಿಗೆದಾರನ ಆಯ್ಕೆ. ಸಾಮಾನುಸಹಿತ ಗುತ್ತಿಗೆಯಾದರೆ ಸಿಮೆಂಟು, ಉಕ್ಕು, ಮರಗಳ ದರ್ಜೆಯನ್ನು ಪಟ್ಟಿಯಲ್ಲೇ ಹೆಸರಿಸಬೇಕು. ಕೂಲಿ ಗುತ್ತಿಗೆಯಾದರೆ ಸಾಮಾನು ಕಾಯುವ, ಲೆಕ್ಕವಿಡುವ ಹೊಣೆ ನಮ್ಮದು. ಕಚೇರಿಗೋ ಕಾಲೇಜಿಗೋ ಹೋಗುವವರಿಗೆ ಎರಡನೆಯದು ಸುಲಭವಲ್ಲ. ಆತನು ನಿನ್ನೆ ಮುಗಿಸಿದ ಕೆಲಸಕ್ಕಿಂತ ಮೂರು ಮಳೆಗಾಲ ಕಂಡ ಕೆಲಸವನ್ನು ನೋಡಿ ಬರುವುದು ಮೇಲು. ಆ ಮನೆಯ ಯಜಮಾನರನ್ನು, ಅದಕ್ಕಿಂತಲೂ ಯಜಮಾನಿಯನ್ನು, ಮಾತನಾಡಿಸಿ: ಸೋರುವಿಕೆಯ ದೂರು ಹೋದಾಗ ಆತನು ಬಂದನೆ? ಕೆಲಸಗಾರರಿಗೆ ವಿಮೆ ಮಾಡಿಸಿರುವನೆ ಎಂದೂ ವಿಚಾರಿಸಿ. ಮಾಡಿನ ಮೇಲಿನ ಕೆಲಸದಲ್ಲಿ ಕಾಲು ಜಾರುವುದು ಬಡವನದು.

ಕರಾರು ಬರೆವಣಿಗೆಯಲ್ಲಿರಲಿ, ಪಟ್ಟಿಯೂ ನಕ್ಷೆಯೂ ಅದರ ಭಾಗವಾಗಲಿ. ಮುಂಗಡ ನೂರಕ್ಕೆ 10ನ್ನು ಮೀರದಿರಲಿ. ಉಳಿದುದನ್ನು ತಿಂಗಳ ಲೆಕ್ಕದಲ್ಲಿ ಕೊಡದೆ, ನೆಲ ಮುಗಿದಾಗ, ಮಾಡು ಮುಗಿದಾಗ, ತಂತಿ ಮತ್ತು ಬಾಗಿಲು ಮುಗಿದಾಗ ಎಂದು ಕೆಲಸದ ಹಂತಗಳಿಗೆ ಕಟ್ಟಬೇಕು. ಕಡೆಯ 10 ಭಾಗವನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆದಿಡಬೇಕು. ಹೆಚ್ಚುವರಿ ಕೆಲಸವನ್ನು, ಅದರ ಬೆಲೆ ಬರೆದು ಇಬ್ಬರೂ ಸಹಿಮಾಡದ ಹೊರತು, ಆರಂಭಿಸತಕ್ಕದ್ದಲ್ಲ. ತಡವಾದರೆ ದಂಡವನ್ನು ಬರೆಯಬಹುದು. ಆದರೆ 1872ರ ಕರಾರು ಕಾಯಿದೆಯ 74ನೆಯ ಕಲಮಿನ ಪ್ರಕಾರ ನ್ಯಾಯಸ್ಥಾನವು ಕೊಡಿಸುವುದು ಯುಕ್ತವಾದ ಪರಿಹಾರವನ್ನು ಮಾತ್ರ, ಬರೆದ ಮೊತ್ತ ಅದರ ಮೇಲ್ಮಿತಿ. ಆದುದರಿಂದ ಬೆದರಿಕೆಯ ಅಂಕಿಗಳಿಂದ ಪ್ರಯೋಜನವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಮನೆ ನಿರ್ಮಾಣವನ್ನೂ ಸೇವೆಯೆಂದು ಎಣಿಸಿರುವುದರಿಂದ, ಕೆಲಸ ಕೆಟ್ಟರೆ ಎರಡು ವರ್ಷಗಳೊಳಗೆ ಗ್ರಾಹಕ ಆಯೋಗಕ್ಕೆ ದೂರು ಕೊಡುವ ಮಾರ್ಗವೂ ಉಂಟು. ಅಲ್ಲಿಯೂ ಮೊದಲು ಕೇಳುವುದು ಬರೆದ ಕಾಗದವನ್ನೇ.

ಮನೆ ಕಟ್ಟಿ ನೋಡು ಎಂದು ನಮ್ಮವರು ಅಂಜಿಸಿದ್ದಾರೆ. ಆ ಅಂಜಿಕೆಯ ಬಹುಭಾಗ, ಮಾತಿನಲ್ಲೇ ಉಳಿದ ಒಪ್ಪಂದಗಳಿಂದ ಹುಟ್ಟಿದುದು. ಅಟ್ಟದ ಆಸೆಯುಳ್ಳವರು ಕಂಟ್ರಾಕ್ಟರನ್ನು ಕರೆಯುವ ಮುನ್ನ ಒಂದು ಅಳತೆಪಟ್ಟಿಯನ್ನೂ ಒಂದು ನೋಟುಪುಸ್ತಕವನ್ನೂ ಹಿಡಿದು ಏಣಿ ಹತ್ತಲಿ. ಅವರ ಖರ್ಚಿನ ಲೆಕ್ಕ ಅಲ್ಲಿಂದ ಪ್ರಾರಂಭವಾಗತಕ್ಕದ್ದು.